ಹೆರಿಗೆ ಕೋಣೆಯ ನಲ್ಲಿಯಲ್ಲಿ ರಾತ್ರಿ ನೀರು ಬರುತ್ತದೆಯೇ? ಆಸ್ಪತ್ರೆಗಳ ಶುಚಿತ್ವವನ್ನು ಅಳೆಯುವ ಬಗೆ

ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳ ಜೊತೆ ಒಂದೆರಡು ರಾತ್ರಿ ಕಳೆದವರಿಗೆ ಪಕ್ಕದ ಹಾಸಿಗೆಯ ಅಜ್ಜಿಯೇ ಮೊದಲ ಮಾರ್ಗದರ್ಶಿ. ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಯಾವುದು ಬರೀ ತೋರಿಕೆಗೆ ಇದೆ, ಕತ್ತಲಾಗುವುದರೊಳಗೆ ಎಷ್ಟು ಬಕೆಟ್ ತುಂಬಿಟ್ಟುಕೊಳ್ಳಬೇಕು, ಯಾವ ಶೌಚಾಲಯದ ಚಿಲಕ ಹಾಕಿಕೊಳ್ಳುತ್ತದೆ, ಬಿಸಿನೀರು ಬೇಕಾದರೆ ಗೇಟಿನಾಚೆಯ ಯಾವ ಚಹಾ ಅಂಗಡಿಗೆ ಫ್ಲಾಸ್ಕ್ ಹಿಡಿದು ಹೋಗಬೇಕು, ಎಲ್ಲವನ್ನೂ ಅವಳು ಬಂದ ಮೊದಲ ದಿನವೇ ತಿಳಿದುಕೊಂಡಿರುತ್ತಾಳೆ. ಆಸ್ಪತ್ರೆಯ ನೀರು ಮತ್ತು ನೈರ್ಮಲ್ಯದ ಬಗ್ಗೆ ಇದಕ್ಕಿಂತ ಖಚಿತವಾದ ವರದಿ ಇನ್ನೊಂದಿಲ್ಲ. ಆದರೆ ಸಮೀಕ್ಷೆಯ ನಮೂನೆ ಹಿಡಿದು ಬಂದವರು ಆ ಅಜ್ಜಿಯ ಹತ್ತಿರ ಕೂರುವುದು ಅಪರೂಪ. ಅವರು ಹಗಲು ಹನ್ನೊಂದಕ್ಕೆ ಬರುತ್ತಾರೆ, ಛಾವಣಿಯ ಮೇಲಿನ ಟ್ಯಾಂಕ್ ನೋಡುತ್ತಾರೆ, ‘ನೀರಿನ ಮೂಲ ಆವರಣದಲ್ಲಿದೆಯೇ’ ಎಂಬ ಪ್ರಶ್ನೆಯ ಮುಂದೆ ‘ಹೌದು’ ಎಂದು ಬರೆದು ಮುಂದೆ ಹೋಗುತ್ತಾರೆ.

ಆ ‘ಹೌದು’ ಸುಳ್ಳಲ್ಲ. ಆದರೆ ಅದು ಉತ್ತರಿಸಿದ್ದು ಬೇರೆಯದೇ ಪ್ರಶ್ನೆಗೆ. ಬೋರ್‌ವೆಲ್‌ನಿಂದ ಹೆರಿಗೆ ಮಾಡಿಸುವ ನರ್ಸ್‌ನ ಕೈವರೆಗಿನ ದಾರಿಯಲ್ಲಿ ಮೋಟಾರ್, ಕರೆಂಟು, ಸಂಪು, ಟ್ಯಾಂಕ್, ಪೈಪು, ವಾಲ್ವು, ನಲ್ಲಿ, ಸೋಪು ಎಲ್ಲವೂ ಇವೆ. ಇವುಗಳಲ್ಲಿ ಒಂದು ಕೈಕೊಟ್ಟರೂ ಕೈ ತೊಳೆಯಲಾಗುವುದಿಲ್ಲ. ಆಸ್ಪತ್ರೆಗಳ ನೀರು, ಶೌಚ, ಶುಚಿತ್ವದ ಅಳತೆ ಇಂದು ಜಗತ್ತಿನಾದ್ಯಂತ ನಡೆಯುತ್ತಿದೆ. ಅಳತೆಗೋಲನ್ನು ನಾವು ಬೋರ್‌ವೆಲ್‌ನ ಕಡೆ ಇಟ್ಟಿದ್ದೇವೆಯೋ, ಕೈಯ ಕಡೆ ಇಟ್ಟಿದ್ದೇವೆಯೋ ಎಂಬುದನ್ನು ಈ ಲೇಖನ ನೋಡುತ್ತದೆ.

ಮನೆಗಳ ನೀರು, ಶಾಲೆಗಳ ಶೌಚಾಲಯದ ಲೆಕ್ಕ ಹಾಕುತ್ತ ಬಂದ ಜಗತ್ತು ಆಸ್ಪತ್ರೆಗಳ ಕಡೆ ತಿರುಗಿದ್ದು ತೀರ ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2015ರಲ್ಲಿ 54 ದೇಶಗಳ 66,101 ಆರೋಗ್ಯ ಕೇಂದ್ರಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ 38 ಶೇಕಡಾ ಕೇಂದ್ರಗಳಿಗೆ ಸುರಕ್ಷಿತ ಎನ್ನಬಹುದಾದ ನೀರಿನ ಮೂಲವೇ ಇರಲಿಲ್ಲ. 2019ರಲ್ಲಿ ಇದೇ ಎರಡು ಸಂಸ್ಥೆಗಳ ಜಂಟಿ ನಿಗಾ ಕಾರ್ಯಕ್ರಮ ಮೊದಲ ಜಾಗತಿಕ ವರದಿ ತಂದಿತು. ನಾಲ್ಕರಲ್ಲಿ ಒಂದು ಕೇಂದ್ರಕ್ಕೆ ಮೂಲಭೂತ ನೀರಿನ ಸೌಲಭ್ಯ ಇಲ್ಲ ಎಂದು ಆಗ ತಿಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಈ ಬಗ್ಗೆ ನಿರ್ಣಯ ಅಂಗೀಕರಿಸಿತು. ಕೊರೊನಾ ಬರುವುದಕ್ಕೆ ಕೆಲವೇ ತಿಂಗಳು ಮೊದಲು ಜಗತ್ತು ಆಸ್ಪತ್ರೆಯ ನಲ್ಲಿಗಳನ್ನು ಎಣಿಸಲು ಶುರುಮಾಡಿತ್ತು ಎಂದರೆ ಎಷ್ಟು ತಡ ಎಂಬುದು ಅರ್ಥವಾಗುತ್ತದೆ.

ಈ ಅಳತೆಯಲ್ಲಿ ‘ಮೂಲಭೂತ’ ಎಂಬ ಮಾತಿಗೆ ನಿರ್ದಿಷ್ಟ ಅರ್ಥವಿದೆ. ನೀರಿನ ವಿಷಯದಲ್ಲಿ ಸುಧಾರಿತ ಮೂಲ, ಅಂದರೆ ಹೊರಗಿನ ಕೊಳೆ ಸೇರದಂತೆ ಕಟ್ಟಿದ ಮೂಲ, ಆವರಣದೊಳಗೇ ಇರಬೇಕು ಮತ್ತು ಕೇಳಿದ ಹೊತ್ತಿನಲ್ಲಿ ಅದರಲ್ಲಿ ನೀರಿರಬೇಕು. ಕೈ ಶುಚಿತ್ವದ ವಿಷಯದಲ್ಲಿ ಚಿಕಿತ್ಸೆ ಕೊಡುವ ಜಾಗದಲ್ಲಿ ನೀರು–ಸೋಪು ಅಥವಾ ಆಲ್ಕೋಹಾಲ್ ದ್ರಾವಣ ಇರಬೇಕು, ಜೊತೆಗೆ ಶೌಚಾಲಯದಿಂದ ಐದು ಮೀಟರಿನೊಳಗೆ ನೀರು–ಸೋಪು ಇರಬೇಕು. ಶೌಚಾಲಯದ ವಿಷಯದಲ್ಲಿ ಷರತ್ತುಗಳು ಇನ್ನೂ ಹೆಚ್ಚು: ಬಳಸುವ ಸ್ಥಿತಿಯಲ್ಲಿರಬೇಕು, ಸಿಬ್ಬಂದಿಗೆ ಬೇರೆ ಇರಬೇಕು, ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯ ಮತ್ತು ಮುಟ್ಟಿನ ಅಗತ್ಯಗಳಿಗೆ ಬೇಕಾದ ಅನುಕೂಲ ಇರಬೇಕು, ನಡೆಯಲಾಗದವರೂ ಬಳಸುವಂತಿರಬೇಕು. ಇವುಗಳ ಜೊತೆಗೆ ತ್ಯಾಜ್ಯ ವಿಂಗಡಣೆ, ಶುಚಿಗೊಳಿಸುವ ಕ್ರಮ ಎಂಬ ಇನ್ನೆರಡು ವಿಭಾಗಗಳಿವೆ.

2022ರ ವರದಿಯ ಒಂದು ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಜಗತ್ತಿನ 68 ಶೇಕಡಾ ಕೇಂದ್ರಗಳಲ್ಲಿ ಚಿಕಿತ್ಸೆಯ ಜಾಗದಲ್ಲಿ ಕೈ ಶುಚಿ ಮಾಡಿಕೊಳ್ಳುವ ವ್ಯವಸ್ಥೆ ಇತ್ತು. 65 ಶೇಕಡಾ ಕೇಂದ್ರಗಳಲ್ಲಿ ಶೌಚಾಲಯದ ಬಳಿ ನೀರು–ಸೋಪು ಇತ್ತು. ಎರಡೂ ಇದ್ದದ್ದು 51 ಶೇಕಡಾ ಕೇಂದ್ರಗಳಲ್ಲಿ ಮಾತ್ರ. ಬಿಡಿಬಿಡಿಯಾಗಿ ನೋಡಿದರೆ ಮೂರರಲ್ಲಿ ಎರಡು ಪಾಲು ಸರಿ ಅನ್ನಿಸುವುದು ಸೇರಿಸಿ ನೋಡಿದಾಗ ಅರ್ಧಕ್ಕೆ ಇಳಿಯಿತು. ಕೆಲವೆಡೆ ಡಾಕ್ಟರ ಮೇಜಿನ ಮೇಲೆ ಸ್ಯಾನಿಟೈಸರ್ ಬಾಟಲಿ ಇದೆ, ಶೌಚಾಲಯದ ಹೊರಗೆ ಸೋಪಿಲ್ಲ. ಇನ್ನು ಕೆಲವೆಡೆ ತಿರುಗುಮುರುಗು. ಹನ್ನೊಂದರಲ್ಲಿ ಒಂದು ಕೇಂದ್ರದಲ್ಲಿ ಎರಡೂ ಇಲ್ಲ. ರೋಗಾಣುವಿಗೆ ಒಂದು ಬಾಗಿಲು ತೆರೆದಿದ್ದರೆ ಸಾಕು, ಇನ್ನೊಂದು ಮುಚ್ಚಿದೆ ಎಂಬುದರಿಂದ ಅದಕ್ಕೇನೂ ತೊಂದರೆಯಿಲ್ಲ. ಹಾಗಾಗಿ ಎರಡನ್ನೂ ಕಡ್ಡಾಯವಾಗಿ ಸೇರಿಸಿ ಎಣಿಸಿದ ಈ ಕ್ರಮವೇ ಸರಿ ಎನ್ನುವುದು ನನ್ನ ನಂಬಿಕೆ. ಆದರೆ ಆ ಅಂದಾಜು ನಿಂತಿದ್ದು 40 ದೇಶಗಳ, ಅಂದರೆ ಜಗತ್ತಿನ ಜನಸಂಖ್ಯೆಯ 35 ಶೇಕಡಾ ಭಾಗದ ಮಾಹಿತಿಯ ಮೇಲೆ. ಉಳಿದ ಕಡೆ ಎಣಿಸುವಷ್ಟು ಲೆಕ್ಕವೇ ಇರಲಿಲ್ಲ.

ನಮ್ಮ ರಾಜ್ಯಕ್ಕೆ ಈ ಪ್ರಶ್ನೆ ಯಾಕೆ ತುರ್ತಿನದು ಎಂಬುದಕ್ಕೆ ಹೆರಿಗೆಯ ಅಂಕಿಅಂಶವೊಂದೇ ಸಾಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರ ಹೊತ್ತಿಗೆ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು 65 ಶೇಕಡಾ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ಐದನೇ ಸಮೀಕ್ಷೆಯ ವೇಳೆಗೆ ಅದು 97 ಶೇಕಡಾ ಮುಟ್ಟಿತು. ಒಂದೂವರೆ ದಶಕದಲ್ಲಿ ಸೂಲಗಿತ್ತಿಯರ ಕಾಲ ಮುಗಿಯಿತು. ಪಾವಗಡದ ಒಣನೆಲದಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮ 2018ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮನೆಯ ಹೆರಿಗೆ ಅಪಾಯದ್ದೇ ಆಗಿತ್ತು, ಆ ಕಾಲಕ್ಕೆ ಮರಳಬೇಕೆಂದು ಯಾರೂ ಹೇಳಲಾರರು. ಆದರೆ ನೋವು ಶುರುವಾಗುತ್ತಿದ್ದಂತೆ ಒಲೆಯ ಮೇಲೆ ಹಂಡೆ ನೀರು ಕಾಯಲಿಡುವುದು ಮನೆಯವರ ಮೊದಲ ಕೆಲಸವಾಗಿತ್ತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಪ್ರೋತ್ಸಾಹಧನ ಕೊಟ್ಟು, 108 ಆಂಬುಲೆನ್ಸ್ ಕಳಿಸಿ ಆ ತಾಯಂದಿರನ್ನು ಆಸ್ಪತ್ರೆಗೆ ಕರೆತಂದೆವು. ಕರೆತಂದ ಮೇಲೆ ಹಂಡೆಯ ಹೊಣೆ ಆಸ್ಪತ್ರೆಯದು.

ಆ ಹೊಣೆ ತಪ್ಪಿದರೆ ಏನಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆಗೆ ದಾಖಲಾದ ಪ್ರತಿ ನೂರು ಜನರಲ್ಲಿ 15 ಮಂದಿಗೆ ಆಸ್ಪತ್ರೆಯಲ್ಲೇ ಒಂದಾದರೂ ಸೋಂಕು ತಗಲುತ್ತದೆ. ಶ್ರೀಮಂತ ದೇಶಗಳಲ್ಲಿ ಇದು 7. ದಿಲ್ಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ನಿಗಾ ಘಟಕಕ್ಕೆ ಸೇರಿದ್ದ 13,530 ಕೂಸುಗಳ ಪೈಕಿ 14 ಶೇಕಡಾ ಕೂಸುಗಳಿಗೆ ರಕ್ತದ ನಂಜು ಆಗಿತ್ತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಹುಟ್ಟಿದ ಮೂರೇ ದಿನದೊಳಗೆ ಕಾಣಿಸಿಕೊಂಡಿತ್ತು. ಮುಂಚೂಣಿಯಲ್ಲಿದ್ದವು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗಳು. ಆಸ್ಪತ್ರೆಯ ಸಿಂಕು, ಮಂಚದ ಕಂಬಿ, ಸಿಬ್ಬಂದಿಯ ಕೈಗಳಲ್ಲಿ ಬೀಡುಬಿಡುವ ಇವು ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗುವುದಿಲ್ಲ. ನೀರಿಲ್ಲದ ವಾರ್ಡಿನಲ್ಲಿ ಸೋಂಕನ್ನು ಮೊದಲೇ ಅಂದಾಜಿಸಿ ಎಲ್ಲರಿಗೂ ಆ್ಯಂಟಿಬಯೋಟಿಕ್ ಬರೆಯುವ ರೂಢಿಗೆ ಯಾರನ್ನು ದೂರೋಣ? ಕೈ ತೊಳೆಯಲಾಗದ ಕಡೆ ವೈದ್ಯರು ಮಾತ್ರೆಯನ್ನೇ ಸೋಪಿನಂತೆ ಬಳಸುತ್ತಾರೆ. ಅದರ ಬೆಲೆ ಮುಂದಿನ ರೋಗಿ ತೆರುತ್ತಾನೆ.

ಇಲ್ಲಿ ಜಾಗತಿಕ ಅಳತೆಯ ಒಂದು ಕೊರತೆಯನ್ನೂ ಹೇಳಬೇಕು. ‘ನೀರು–ಸೋಪು ಅಥವಾ ಆಲ್ಕೋಹಾಲ್ ದ್ರಾವಣ’ ಎಂಬ ಆಯ್ಕೆ ಹೊರರೋಗಿ ವಿಭಾಗಕ್ಕೆ ಸರಿ. ಒಬ್ಬ ರೋಗಿಯ ನಾಡಿ ಹಿಡಿದು ಇನ್ನೊಬ್ಬರ ಹತ್ತಿರ ಹೋಗುವ ಮೊದಲು ದ್ರಾವಣ ಉಜ್ಜಿಕೊಂಡರೆ ಸಾಕು. ಆದರೆ ಹೆರಿಗೆ ಕೋಣೆಯಲ್ಲಿ ಕೈ ರಕ್ತವಾಗುತ್ತದೆ, ಗರ್ಭಜಲ ತಾಗುತ್ತದೆ. ಕಣ್ಣಿಗೆ ಕಾಣುವ ಕೊಳೆಯಿದ್ದರೆ ನೀರು–ಸೋಪಿನಿಂದಲೇ ತೊಳೆಯಬೇಕು ಎಂದು ಅದೇ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಹೆರಿಗೆ ಕೋಣೆಗೆ ಬೇರೆಯೇ ಪ್ರಶ್ನೆ ಬೇಕು. ಅದಕ್ಕೆ ಬಾಟಲಿ ಉತ್ತರವಾಗಬಾರದು.

ನೀರು ಎಷ್ಟು ಬೇಕು ಎಂಬ ಲೆಕ್ಕ ಕಷ್ಟದ್ದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಮಾನದಂಡದಲ್ಲಿ ಹೊರರೋಗಿಯೊಬ್ಬರಿಗೆ 5 ಲೀಟರ್, ಒಳರೋಗಿಗೆ ದಿನಕ್ಕೆ 40ರಿಂದ 60 ಲೀಟರ್, ಒಂದು ಹೆರಿಗೆ ಅಥವಾ ಶಸ್ತ್ರಚಿಕಿತ್ಸೆಗೆ 100 ಲೀಟರ್. ಆರು ಹಾಸಿಗೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ದಿನಕ್ಕೆ 60 ಹೊರರೋಗಿಗಳು ಬಂದು, ಒಂದು ಹೆರಿಗೆಯೂ ಆದರೆ 300, 360, 100 ಸೇರಿ 760 ಲೀಟರ್. ಇದು ಪ್ರಾಣ ಹಿಡಿದುಕೊಳ್ಳುವ ಮಟ್ಟ. ನಮ್ಮದೇ ಭಾರತೀಯ ಮಾನಕದಲ್ಲಿ ನೂರು ಹಾಸಿಗೆವರೆಗಿನ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್ ಬೇಕು. ಅಂದರೆ ಆರು ಹಾಸಿಗೆಗೆ 2,040 ಲೀಟರ್. ಈಗ ಛಾವಣಿಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕನ್ನು ನೆನಪಿಸಿಕೊಳ್ಳಿ. ಮೊದಲ ಲೆಕ್ಕದಲ್ಲಿ ಅದು ಒಂದು ದಿನ ಮತ್ತು ಸ್ವಲ್ಪ, ಎರಡನೆಯದರಲ್ಲಿ ಅರ್ಧ ದಿನ. ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟಿಲ್ಲದಿದ್ದರೆ, ಅಥವಾ ಅದೇ ಟ್ಯಾಂಕಿನಿಂದ ಸಿಬ್ಬಂದಿಯ ವಸತಿಗೃಹಕ್ಕೂ ಪೈಪು ಹೋಗಿದ್ದರೆ, ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಸಮೀಕ್ಷೆಗಳು ಟ್ಯಾಂಕ್ ಇದೆಯೇ ಎಂದು ಕೇಳುತ್ತವೆ. ಅದು ಎಷ್ಟು ಗಂಟೆ ಬಾಳುತ್ತದೆ ಎಂದು ಕೇಳಬೇಕು.

ಒಂದೇ ನಮೂನೆಯಿಂದ ಕರ್ನಾಟಕವನ್ನು ಅಳೆಯಲು ಹೊರಟವರಿಗೆ ಇನ್ನೊಂದು ತೊಡಕಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ನೀರು ಸಾವಿರ ಅಡಿಗಿಂತ ಕೆಳಗಿನಿಂದ ಬರುತ್ತದೆ, ಫ್ಲೋರೈಡ್ ಹೊತ್ತು ತರುತ್ತದೆ, ಗಡಸಾಗಿರುತ್ತದೆ. ಗಡಸು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲ. ಉಪಕರಣಗಳನ್ನು ಆವಿಯಲ್ಲಿ ಶುದ್ಧಮಾಡುವ ಆಟೋಕ್ಲೇವ್‌ನೊಳಗೆ ಸುಣ್ಣದ ಪದರ ಕಟ್ಟುತ್ತದೆ, ಸೋಲಾರ್ ಹೀಟರಿನ ಕೊಳವೆ ಮುಚ್ಚಿಹೋಗುತ್ತದೆ, ಫ್ಲಶ್ ವಾಲ್ವು ಕಚ್ಚಿಕೊಳ್ಳುತ್ತದೆ. ಅಲ್ಲಿನ ಆಸ್ಪತ್ರೆಗಳಲ್ಲಿ ಕೆಟ್ಟುನಿಂತ ನಲ್ಲಿಗಳನ್ನು ನೋಡಿ ನಿರ್ಲಕ್ಷ್ಯ ಎಂದು ಬರೆಯುವ ಮೊದಲು ನೀರಿನ ಗಡಸುತನವನ್ನೊಮ್ಮೆ ನೋಡಬೇಕು. ಕುಡಿಯಲು ಆರ್‌ಒ ಘಟಕ ಹಾಕಿದರೆ ಅದು ಹೊರಹಾಕುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ತಿರುಗಿಸಿದ್ದಾರೆಯೇ ಎಂಬುದು ಅಲ್ಲಿ ಕೇಳಬೇಕಾದ ಪ್ರಶ್ನೆ. ಕರಾವಳಿ, ಮಲೆನಾಡಿನ ಕಥೆಯೇ ಬೇರೆ. ಜುಲೈನಲ್ಲಿ ಬಾವಿ ತುಂಬಿ ತುಳುಕುತ್ತದೆ, ನೀರು ಕೆಂಪಗೆ ಕದಡಿರುತ್ತದೆ, ಶೌಚಗುಂಡಿಯೂ ಉಕ್ಕುತ್ತದೆ. ಏಪ್ರಿಲ್‌ಗೆ ಅದೇ ಬಾವಿಯ ತಳ ಕಾಣುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನಲ್ಲೇ ಟ್ಯಾಂಕರ್‌ಗಾಗಿ ಸಾಲು ನಿಂತಿತು. ಮಳೆಗಾಲ ಮುಗಿದ ಮೇಲೆ ಮಾಡಿದ ಸಮೀಕ್ಷೆಗೂ ಯುಗಾದಿ ಕಳೆದ ಮೇಲೆ ಮಾಡಿದ ಸಮೀಕ್ಷೆಗೂ ಒಂದೇ ಆಸ್ಪತ್ರೆಯಲ್ಲಿ ಎರಡು ಉತ್ತರ ಸಿಕ್ಕರೆ ಎರಡೂ ನಿಜವೇ. ನಮಗೆ ಬೇಕಾದದ್ದು ಕೆಟ್ಟ ತಿಂಗಳಿನ ಉತ್ತರ.

ನೀರು ಇದ್ದಮೇಲೆ ಅದು ಶುದ್ಧವೇ ಎಂಬುದು ಮುಂದಿನ ಮಾತು. ಆರೋಗ್ಯ ನಿರೀಕ್ಷಕರಿಗೆ ಓ.ಟಿ. (ಆರ್ಥೊಟೊಲಿಡಿನ್) ಟೆಸ್ಟ್ ಎಂದರೆ ಗೊತ್ತು: ನೀರಿಗೆ ಒಂದೆರಡು ಹನಿ ದ್ರಾವಣ ಹಾಕಿದಾಗ ಹಳದಿಯಾದರೆ ಕ್ಲೋರಿನ್ ಉಳಿದಿದೆ ಎಂದರ್ಥ. ಭಾರತೀಯ ಮಾನಕದಂತೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಬ್ಯಾಕ್ಟೀರಿಯಾ ಪತ್ತೆಗೆ ಎಚ್‌2ಎಸ್ ಬಾಟಲಿ ಇದೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಕಲುಷಿತ. ಹಳ್ಳಿಯ ಓವರ್‌ಹೆಡ್ ಟ್ಯಾಂಕಿಗೆ, ಕೈಪಂಪಿಗೆ ಈ ಪರೀಕ್ಷೆ ಮಾಡಲು ಹೋಗುವ ಅದೇ ನಿರೀಕ್ಷಕರು ತಮ್ಮದೇ ಆರೋಗ್ಯ ಕೇಂದ್ರದ ವಾರ್ಡಿನ ಕೊನೆಯ ನಲ್ಲಿಗೂ ಅದನ್ನು ಮಾಡಬೇಕು. ಸಂಪಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ಮಾತ್ರಕ್ಕೆ ಕೊನೆಯ ನಲ್ಲಿವರೆಗೆ ಕ್ಲೋರಿನ್ ಉಳಿದಿರುತ್ತದೆ ಎನ್ನಲಾಗದು. ಹೆರಿಗೆಗಳು ಈಗ ತಾಲೂಕು, ಜಿಲ್ಲಾ ಆಸ್ಪತ್ರೆಗಳ ಕಡೆ ಸರಿದಿರುವುದರಿಂದ ಎಷ್ಟೋ ಪ್ರಾಥಮಿಕ ಕೇಂದ್ರಗಳ ಹೆರಿಗೆ ಕೋಣೆಗಳು ವಾರಗಟ್ಟಲೆ ಖಾಲಿ ಇರುತ್ತವೆ. ಆ ಪೈಪಿನಲ್ಲಿ ನಿಂತ ನೀರು ಹಳಸುತ್ತದೆ. ಬಳಸದ ನಲ್ಲಿಯನ್ನು ದಿನಕ್ಕೊಮ್ಮೆ ಬಿಟ್ಟು ಹರಿಸುವುದು ಕೂಡ ಕೆಲಸದ ಪಟ್ಟಿಯಲ್ಲಿರಬೇಕು.

ನಮ್ಮಲ್ಲಿ ಅಳತೆಯೇ ಇಲ್ಲ ಎಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2015ರ ಮೇ 15ರಂದು ಆರಂಭಿಸಿದ ಕಾಯಕಲ್ಪ ಯೋಜನೆ ಸರ್ಕಾರಿ ಆಸ್ಪತ್ರೆಗಳ ಮುಖವನ್ನು ಬದಲಾಯಿಸಿದೆ ಎನ್ನುವುದನ್ನು ಒಪ್ಪದಿದ್ದರೆ ಅನ್ಯಾಯವಾಗುತ್ತದೆ. ಆವರಣದ ನಿರ್ವಹಣೆ, ನೈರ್ಮಲ್ಯ, ತ್ಯಾಜ್ಯ ವಿಲೇವಾರಿ, ಸೋಂಕು ನಿಯಂತ್ರಣ ಮುಂತಾದ ವಿಭಾಗಗಳಲ್ಲಿ ಪ್ರತಿ ಅಂಶಕ್ಕೂ ಸೊನ್ನೆ, ಒಂದು, ಎರಡು ಎಂದು ಅಂಕ. ಮೊದಲು ಆಸ್ಪತ್ರೆಯವರೇ ತಮ್ಮನ್ನು ಅಳೆದುಕೊಳ್ಳುತ್ತಾರೆ, ಆಮೇಲೆ ಇನ್ನೊಂದು ಆಸ್ಪತ್ರೆಯವರು ಬಂದು ಅಳೆಯುತ್ತಾರೆ, ಕೊನೆಗೆ ಹೊರಗಿನ ತಂಡ. 70 ಶೇಕಡಾ ದಾಟಿದರೆ ಪ್ರಶಸ್ತಿಗೆ ಅರ್ಹತೆ. ‘ಸರ್ಕಾರಿ ಆಸ್ಪತ್ರೆ ಹೀಗೇ ಇರುತ್ತದೆ’ ಎಂಬ ಮೈಮರೆವನ್ನು ಈ ಪೈಪೋಟಿ ಕದಲಿಸಿತು. ಪೊದೆ ಬೆಳೆದ ಅಂಗಳಗಳಲ್ಲಿ ಹೂತೋಟ ಬಂತು, ಕಸದ ಬುಟ್ಟಿಗಳಿಗೆ ಬಣ್ಣ ಬಂತು, ಗೋಡೆಯ ಮೇಲೆ ಕೈ ತೊಳೆಯುವ ಆರು ಹಂತಗಳ ಚಿತ್ರ ಬಂತು.

ಆದರೆ ಅಂಕ ಕೂಡಿಸುವ ಪದ್ಧತಿಯಲ್ಲೇ ಒಂದು ಬಿರುಕಿದೆ. ಕೂಡಿಸಿದಾಗ ಹೂತೋಟದ ಅಂಕ ಒಣ ನಲ್ಲಿಯ ಸೊನ್ನೆಯನ್ನು ಮುಚ್ಚಿಬಿಡಬಲ್ಲದು. ಒಟ್ಟು ಎಪ್ಪತ್ತೈದು ಬಂದ ಆಸ್ಪತ್ರೆಯಲ್ಲಿ ಕಳೆದುಹೋದ ಇಪ್ಪತ್ತೈದು ಎಲ್ಲಿಯದು ಎಂಬುದು ಫಲಕದ ಮೇಲೆ ಕಾಣುವುದಿಲ್ಲ. ಜಂಟಿ ನಿಗಾ ಕಾರ್ಯಕ್ರಮದ ಅಳತೆ ಇದಕ್ಕೆ ತದ್ವಿರುದ್ಧ: ಅಲ್ಲಿ ಒಂದು ಷರತ್ತು ತಪ್ಪಿದರೂ ‘ಮೂಲಭೂತ’ ಪಟ್ಟ ಸಿಗುವುದಿಲ್ಲ. ಕಾಯಕಲ್ಪದ ಹುರುಪನ್ನು ಉಳಿಸಿಕೊಂಡು ಈ ಕಟ್ಟುನಿಟ್ಟನ್ನೂ ಅದಕ್ಕೆ ಬೆಸೆಯಬಹುದು. ಹೆರಿಗೆ ಕೋಣೆಯಲ್ಲಿ ಹರಿಯುವ ನೀರು, ಸೋಪು, ಬಳಸಬಹುದಾದ ಮಹಿಳಾ ಶೌಚಾಲಯ, ಬಳಸಿದ ಸೂಜಿ ಹಾಕಲು ತೂತಾಗದ ಡಬ್ಬ, ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಉಳಿದ ಅಂಕಗಳನ್ನು ಎಣಿಸುವುದೇ ಬೇಡ ಎಂದು ಒಂದು ಸಾಲು ಸೇರಿಸಿದರೆ ಸಾಕು.

ಇನ್ನೊಂದು ತೊಂದರೆ ಮುನ್ಸೂಚನೆ. ತಂಡ ಬರುವ ದಿನ ಗೊತ್ತಾದರೆ ಹಿಂದಿನ ವಾರ ಆಸ್ಪತ್ರೆಯಲ್ಲಿ ಮದುವೆ ಮನೆಯ ಗಡಿಬಿಡಿ. ಟ್ಯಾಂಕರ್ ಬರುತ್ತದೆ, ಸ್ಟೋರಿನಲ್ಲಿದ್ದ ಸೋಪು ಬೇಸಿನ್‌ಗೆ ಬರುತ್ತದೆ, ಬೀಗ ಹಾಕಿದ್ದ ಶೌಚಾಲಯ ತೆರೆಯುತ್ತದೆ. ಸಿಬ್ಬಂದಿಯನ್ನು ಇದಕ್ಕಾಗಿ ಬೈಯುವ ಮನಸ್ಸು ನನಗಿಲ್ಲ. ಕೊರತೆಯನ್ನು ತೋರಿಸಿದರೆ ಸಹಾಯ ಬರುತ್ತದೆ ಎಂಬ ನಂಬಿಕೆ ಅವರಿಗಿದ್ದರೆ ಅವರು ತೋರಿಸುತ್ತಿದ್ದರು. ನೋಟಿಸ್ ಬರುತ್ತದೆ ಎಂಬ ಅನುಭವವಿದ್ದರೆ ಮುಚ್ಚಿಡುತ್ತಾರೆ.

ಶೌಚಾಲಯದ ವಿಷಯವನ್ನು ಬೇಗ ದಾಟಿ ಹೋಗುವುದು ನಮ್ಮ ಸಂಕೋಚದ ಅಭ್ಯಾಸ. ಸಿಸೇರಿಯನ್ ಆಗಿ ಹೊಟ್ಟೆಯ ಮೇಲೆ ಹೊಲಿಗೆ ಹಾಕಿಸಿಕೊಂಡ ಹೆಣ್ಣುಮಗಳು ಮಾರನೇ ದಿನ ಎದ್ದು ನಡೆಯಬೇಕು, ಮೂತ್ರಕ್ಕೆ ಹೋಗಬೇಕು. ವಾರ್ಡಿನಿಂದ ಶೌಚಾಲಯ ಉದ್ದ ಕಾರಿಡಾರಿನಾಚೆ ಇದ್ದು, ಒಳಗೆ ಕುಕ್ಕರಗಾಲಲ್ಲಿ ಕೂರುವ ಕಮೋಡು, ಹಿಡಿದುಕೊಳ್ಳಲು ಕಂಬಿಯಿಲ್ಲ, ನೆಲ ಒದ್ದೆ. ಆಕೆ ಏನು ಮಾಡುತ್ತಾಳೆ? ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾಳೆ. ಬಾಣಂತಿಗೆ ಮೂತ್ರದ ಸೋಂಕು ಬರುವುದಕ್ಕೆ, ಹಾಲು ಕಡಿಮೆಯಾಯಿತೆಂದು ಅಜ್ಜಿ ಕಂಗಾಲಾಗುವುದಕ್ಕೆ ಹಿಂದೆ ಒಮ್ಮೊಮ್ಮೆ ಹೀಗೊಂದು ಶೌಚಾಲಯ ಇರುತ್ತದೆ. ರಾತ್ರಿ ಪಾಳಿಯ ನರ್ಸ್‌ಗಳು, ಹೌಸ್‌ಕೀಪಿಂಗ್ ಹೆಂಗಸರು ಇದನ್ನೇ ವರ್ಷಗಟ್ಟಲೆ ಮಾಡುತ್ತಾರೆ. ಸಿಬ್ಬಂದಿಗೆ ಬೇರೆ ಶೌಚಾಲಯ ಎಂಬ ಷರತ್ತನ್ನು ವೈದ್ಯಾಧಿಕಾರಿಯ ಕೊಠಡಿಗೆ ಅಂಟಿಕೊಂಡ ಒಂದು ಶೌಚಾಲಯ ತೋರಿಸಿ ಪೂರೈಸಿಬಿಡಬಹುದು. ಅದರ ಕೀಲಿ ರಾತ್ರಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರೆ ನಿಜ ಗೊತ್ತಾಗುತ್ತದೆ. ಮುಟ್ಟಿನ ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ ಒಳಗೇ ಇದೆಯೇ, ಬಾಣಂತಿ ವಾರ್ಡಿನಲ್ಲೂ ಇದೆಯೇ ಎಂಬುದನ್ನು ಹೆಂಗಸರೇ ಹೋಗಿ ನೋಡಬೇಕು. ಮೌಲ್ಯಮಾಪನ ತಂಡದಲ್ಲಿ ಹೆಣ್ಣುಮಕ್ಕಳು ಇಲ್ಲದಿದ್ದರೆ ಈ ಕಾಲಂ ಖಾಲಿ ಎಂದೇ ತಿಳಿಯಬೇಕು.

ಮೇಲೆ ಹೇಳಿದ ‘ಮೂಲಭೂತ’ ಷರತ್ತುಗಳಲ್ಲಿ ಬಿಸಿನೀರು ಇಲ್ಲ. ನಮ್ಮ ಕಡೆ ಬಾಣಂತಿಗೆ ತಣ್ಣೀರು ಮುಟ್ಟಿಸುವುದಿಲ್ಲ. ಆ ನಂಬಿಕೆಯನ್ನು ಗೌರವಿಸದ ಆಸ್ಪತ್ರೆಯಲ್ಲಿ ಆಕೆ ಮೈ ತೊಳೆಯದೆ ಉಳಿಯುತ್ತಾಳೆ, ಮನೆಗೆ ಬೇಗ ಹೋಗಲು ಹಟ ಹಿಡಿಯುತ್ತಾಳೆ. ಹೆರಿಗೆಯಾದ ಮೇಲಿನ ಅಪಾಯದ ಗಂಟೆಗಳನ್ನು ಆಸ್ಪತ್ರೆಯಲ್ಲೇ ಕಳೆಯಲಿ ಎಂದು ಬಯಸುವವರು ಸೋಲಾರ್ ಹೀಟರ್ ಕೆಲಸ ಮಾಡುತ್ತಿದೆಯೇ ಎಂದು ಮೊದಲು ನೋಡಬೇಕು.

ಶುಚಿ ಮಾಡುವವರ ಬಗ್ಗೆ ಅಳತೆಗೋಲು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತದೆ: ಶುಚಿಗೊಳಿಸುವ ಕ್ರಮ ಲಿಖಿತವಾಗಿ ಇದೆಯೇ, ಆ ಕೆಲಸ ಮಾಡುವ ಪ್ರತಿಯೊಬ್ಬರಿಗೂ ತರಬೇತಿ ಆಗಿದೆಯೇ? ಹೊರಗುತ್ತಿಗೆಯ ಕಾಲದಲ್ಲಿ ಇದಕ್ಕೆ ಪ್ರಾಮಾಣಿಕವಾಗಿ ‘ಹೌದು’ ಎನ್ನುವುದು ಕಷ್ಟ. ಟೆಂಡರ್ ಬದಲಾದರೆ ಜನ ಬದಲಾಗುತ್ತಾರೆ, ಹಿಂದಿನವರಿಗೆ ಕೊಟ್ಟ ತರಬೇತಿ ಅವರ ಜೊತೆಯೇ ಹೋಗುತ್ತದೆ. ವಾರ್ಡಿಗೂ ಶೌಚಾಲಯಕ್ಕೂ ಒಂದೇ ಮಾಪ್ ಬಳಸಬಾರದು, ಬ್ಲೀಚಿಂಗ್ ದ್ರಾವಣವನ್ನು ದಿನವೂ ಹೊಸದಾಗಿ ಕಲಸಬೇಕು, ಶುಚಿ ಕಡೆಯಿಂದ ಕೊಳೆ ಕಡೆಗೆ ಒರೆಸಬೇಕು. ಇದನ್ನೆಲ್ಲ ಕನ್ನಡದಲ್ಲಿ, ಕೈಹಿಡಿದು ತೋರಿಸಿ ಕಲಿಸಬೇಕು. ಗೋಡೆಗೆ ಅಂಟಿಸಿದ ಇಂಗ್ಲಿಷ್ ಫಲಕದಿಂದ ಆಗದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಈ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್–ಬಿ ಮತ್ತು ಟೆಟನಸ್ ಲಸಿಕೆ ಹಾಕಿಸುವುದು ಆಸ್ಪತ್ರೆಯ ಕರ್ತವ್ಯ. ಹೊರಗುತ್ತಿಗೆ ಎಂಬುದು ಇದಕ್ಕೆ ನೆಪವಾಗಲಾರದು. ಕಸ ಗುಡಿಸುವ ಹೆಂಗಸಿಗೆ ಸೂಜಿ ಚುಚ್ಚಿದರೆ ಅದನ್ನು ಬರೆಯುವ ರಿಜಿಸ್ಟರ್ ಇದೆಯೇ, ಕಳೆದ ವರ್ಷ ಅದರಲ್ಲಿ ಎಷ್ಟು ನಮೂದುಗಳಾಗಿವೆ ಎಂದು ನೋಡಿ. ಪುಟ ಪೂರ್ತಿ ಖಾಲಿಯಿದ್ದರೆ ಯಾರಿಗೂ ಚುಚ್ಚಿಲ್ಲ ಎಂದು ನಂಬುವುದು ಕಷ್ಟ. ಹೇಳಿಕೊಳ್ಳಲು ಹೆದರುತ್ತಾರೆ ಎಂಬುದೇ ಹೆಚ್ಚು ಸಂಭವ.

ಹಳದಿ, ಕೆಂಪು, ಬಿಳಿ, ನೀಲಿ ಬುಟ್ಟಿಗಳ ವಿಂಗಡಣೆ ನಮ್ಮಲ್ಲಿ ತಕ್ಕಮಟ್ಟಿಗೆ ಬೇರೂರಿದೆ, ಕಾನೂನಿನ ಭಯವೂ ಇದೆ. ಅಲ್ಲಿ ನಾನು ಹೆಚ್ಚು ನಿಲ್ಲುವುದಿಲ್ಲ. ಸಂಗ್ರಹಿಸಿದ ತ್ಯಾಜ್ಯ 48 ಗಂಟೆಗಿಂತ ಹೆಚ್ಚು ಆಸ್ಪತ್ರೆಯಲ್ಲಿ ಉಳಿಯಬಾರದು ಎಂಬ ನಿಯಮವನ್ನು ದೂರದ ಪ್ರಾಥಮಿಕ ಕೇಂದ್ರಗಳಿಗೆ ವಾಹನ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ಜೊತೆಗಿಟ್ಟು ನೋಡಬೇಕು, ಅಷ್ಟೆ. ಖಾಸಗಿ ನರ್ಸಿಂಗ್ ಹೋಮ್, ಕ್ಲಿನಿಕ್‌ಗಳು ಮಾತ್ರ ಬಹುಮಟ್ಟಿಗೆ ಈ ಲೆಕ್ಕದ ಹೊರಗೇ ಉಳಿದಿವೆ. ರಾಜ್ಯದ ಜನ ದುಡ್ಡು ಕೊಟ್ಟು ಹೋಗುವ ಆ ಕಟ್ಟಡಗಳ ನಲ್ಲಿ, ಶೌಚಾಲಯದ ಸ್ಥಿತಿ ನೋಂದಣಿ ನವೀಕರಣದ ಕಡತದಲ್ಲಿ ಬಿಟ್ಟು ಬೇರೆಲ್ಲೂ ಸಾರ್ವಜನಿಕವಾಗಿ ಕಾಣಿಸುವುದಿಲ್ಲ.

ಹಾಗಾದರೆ ಅಳತೆ ಯಾರ ಕೈಯಲ್ಲಿರಬೇಕು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ ‘ವಾಶ್ ಫಿಟ್’ ಎಂಬ ವಿಧಾನ ಇದಕ್ಕೆ ಕೊಡುವ ಉತ್ತರ ನನಗೆ ಹಿಡಿಸುತ್ತದೆ. ಅದರ ಎರಡನೇ ಆವೃತ್ತಿ 2022ರಲ್ಲಿ ಬಂತು. ಅದರಲ್ಲಿ ಆಸ್ಪತ್ರೆಯ ಒಳಗಿನವರದೇ ತಂಡ ಇರುತ್ತದೆ: ವೈದ್ಯರು, ನರ್ಸ್, ಶುಚಿಗಾರರು, ಸಮುದಾಯದ ಪ್ರತಿನಿಧಿ. ಅವರು ನೀರು, ಶೌಚಾಲಯ, ತ್ಯಾಜ್ಯ, ಕೈ ಶುಚಿತ್ವ, ಕಟ್ಟಡದ ಶುಚಿತ್ವ, ವಿದ್ಯುತ್, ಆಡಳಿತವನ್ನು ನೋಡಿ, ಯಾವ ಕೊರತೆ ಎಷ್ಟು ಅಪಾಯಕಾರಿ ಎಂದು ತೂಗಿ, ಮೊದಲು ಸರಿಪಡಿಸಬೇಕಾದ್ದನ್ನು ಆರಿಸಿಕೊಂಡು, ಕೆಲವು ತಿಂಗಳಿಗೆ ಮತ್ತೆ ನೋಡುತ್ತಾರೆ. ಇಲ್ಲಿ ಬಹುಮಾನವಿಲ್ಲ, ಹಾಗಾಗಿ ಮುಚ್ಚಿಡಲು ಕಾರಣವೂ ಇಲ್ಲ. ನಮ್ಮಲ್ಲಿ ಇದಕ್ಕೆ ಹೊಸ ಸಮಿತಿ ಬೇಕಾಗಿಲ್ಲ. ಪ್ರತಿ ಕೇಂದ್ರದಲ್ಲೂ ಆರೋಗ್ಯ ರಕ್ಷಾ ಸಮಿತಿ ಇದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮುಕ್ತ ನಿಧಿ, ನಿರ್ವಹಣಾ ನಿಧಿ ಅದರ ಕೈಯಲ್ಲಿ ಹಾದುಹೋಗುತ್ತವೆ. ದೊಡ್ಡ ಮೊತ್ತವಲ್ಲ, ನಿಜ. ಆದರೆ ನಲ್ಲಿಯ ವಾಷರ್, ಮೊಣಕೈಯಿಂದ ತಿರುಗಿಸುವ ನಲ್ಲಿ, ಶೌಚಾಲಯದ ಗೋಡೆಗೊಂದು ಕಂಬಿ, ಎರಡನೇ ಟ್ಯಾಂಕ್, ತಿಂಗಳ ಸೋಪು, ಇವುಗಳಲ್ಲಿ ಯಾವುದಕ್ಕೂ ದೊಡ್ಡ ಮೊತ್ತ ಬೇಡ. ಬೇಕಾದದ್ದು ಪ್ರತಿ ವರ್ಷ ತಪ್ಪದೆ ಬರುವ ಸಣ್ಣ ಮೊತ್ತ. ಹೊಸ ಕಟ್ಟಡಕ್ಕೆ ಕೋಟಿಗಳು ಸಿಗುತ್ತವೆ, ಮೋಟಾರ್ ರಿಪೇರಿಯ ಬಿಲ್ಲಿಗೆ ವೈದ್ಯಾಧಿಕಾರಿ ಜೇಬಿನಿಂದ ಕೊಡಬೇಕಾಗುತ್ತದೆ. ಬಜೆಟ್ಟಿನ ಈ ಓರೆಯನ್ನು ತಿದ್ದದೆ ಎಷ್ಟು ಸಲ ಅಳೆದರೂ ಅದೇ ಸೊನ್ನೆಯನ್ನು ಮತ್ತೆ ಬರೆದುಕೊಳ್ಳುತ್ತೇವೆ.

ಮೊದಲ ಹೆಜ್ಜೆಗೆ ಒಂದು ನೋಟುಪುಸ್ತಕ ಸಾಕು. ಹೆರಿಗೆ ಕೋಣೆಯ ಬಾಗಿಲಿಗೆ ಒಂದು ದಾರ ಕಟ್ಟಿ ಅದನ್ನು ನೇತುಹಾಕಬೇಕು. ರಾತ್ರಿ ಪಾಳಿಯ ನರ್ಸ್ ಹತ್ತು ಗಂಟೆಗೆ, ಎರಡು ಗಂಟೆಗೆ, ಬೆಳಗಿನ ಐದಕ್ಕೆ ನಲ್ಲಿ ತಿರುಗಿಸಿ, ನೀರು ಬಂತೇ ಇಲ್ಲವೇ, ಸೋಪು ಇತ್ತೇ ಇಲ್ಲವೇ ಎಂದು ಬರೆಯಲಿ. ಬೇಸರವಾದರೆ ಬರೀ ಗುರುತು ಹಾಕಲಿ. ಬಾಣಂತಿಯ ಜೊತೆ ಬಂದವರೂ ಅದರಲ್ಲಿ ಬರೆಯಬಹುದು ಎಂದು ಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ಇರಲಿ. ತಿಂಗಳ ಕೊನೆಗೆ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಆ ಪುಟಗಳನ್ನು ಗಟ್ಟಿಯಾಗಿ ಓದಿ, ಪಂಚಾಯಿತಿಯ ನೀರುಗಂಟಿಯನ್ನೂ ಎಂಜಿನಿಯರನ್ನೂ ಅದೇ ಸಭೆಗೆ ಕರೆಯಲಿ. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳ ಪುಟಗಳು ಸೇರಿದರೆ ಎರಡನೇ ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಮೋಟಾರಿಗೆ ಸೋಲಾರ್ ಬೇಕೋ ಬೇಡವೋ, ಟ್ಯಾಂಕರ್ ಯಾವ ವಾರದಿಂದ ಬೇಕು ಎಂಬುದೆಲ್ಲ ಅದರಲ್ಲೇ ಸಿಗುತ್ತದೆ.